ಅಕ್ಷರದ ಮೇಲೆ ಪುಟಿಯುವ ಚೆಂಡು

ಶಿರೂರ ಅನಂತಪಾಳ, ನಿಲಂಗಾ, ಉದಗೀರ, ಉಮರ್ಗಾ. ಮಹಾರಾಷ್ಟ್ರದ ಗಡಿಯ ಈ ಪಟ್ಟಿಯ ಕನ್ನಡ ಮನೆಗಳಲ್ಲಿ ಬೆಳೆಯುವ ಮಗು ದಿನಕ್ಕೆ ಮೂರು ಭಾಷೆ ದಾಟುತ್ತದೆ. ಮನೆಯಲ್ಲಿ ಅವ್ವ, ಅಜ್ಜಿಯರ ಜೊತೆ ಕನ್ನಡ, ಸಾಲಿಯಲ್ಲಿ ಮರಾಠಿ, ಫೋನು ಕೈಗೆ ಸಿಕ್ಕರೆ ಹಿಂದಿ ಮೋಟು-ಪತ್ಲು. ಹಾಡುವ ಕಾರ್ಟೂನು ಶುರುವಾದರೆ ಮಾತ್ರ ಯಾವ ಭಾಷೆ ಎಂಬ ತಕರಾರೇ ಇಲ್ಲ. ಆನೆ ಕುಣಿದರೆ ತಾನೂ ಕುಣಿಯುತ್ತದೆ, ಗಿಣಿ ಹಾಡಿದರೆ ತಾನೂ ಹಾಡುತ್ತದೆ. ಪಕ್ಕದಲ್ಲಿ ಕೂತ ಅಜ್ಜಿ, ‘ಎಷ್ಟ್ ಚಂದ ಹಾಡ್ಲಕತ್ತದ ನೋಡವ್ವ ಆ ಗಿಣಿ’ ಅನ್ನುತ್ತಾಳೆ. ಇಬ್ಬರೂ ಗಮನಿಸದ ಒಂದು ಸಂಗತಿ ತೆರೆಯ ಕೆಳಗಡೆ ನಡೆದಿರುತ್ತದೆ. ಹಾಡಿನ ತಾಳಕ್ಕೆ ಬಣ್ಣ ಬದಲಿಸುತ್ತ ಓಡುವ ಅಕ್ಷರಗಳ ಸಾಲು ಅದು. ಆ ಸಾಲಿಗೆ ಈಗ ನೂರು ವರ್ಷ ದಾಟಿದೆ. ಹುಟ್ಟಿದ್ದು ಒಂದು ಕೋಲು, ಒಂದು ಬಿಳಿ ಚೆಂಡು, ಒಂದು ತಿರುಗುವ ಉರುಳೆಯಿಂದ.

1924ರಲ್ಲಿ ನ್ಯೂಯಾರ್ಕಿನ ಮ್ಯಾಕ್ಸ್ ಫ್ಲೀಷರ್ ಮತ್ತು ಡೇವ್ ಫ್ಲೀಷರ್ ಎಂಬ ಅಣ್ಣತಮ್ಮಂದಿರು ‘ಸಾಂಗ್ ಕಾರ್-ಟ್ಯೂನ್ಸ್’ ಎಂಬ ಕಿರುಚಿತ್ರಗಳ ಮಾಲೆ ಆರಂಭಿಸಿದರು. ಆಗ ಸಿನಿಮಾ ಮೂಕ. ಥಿಯೇಟರಿನಲ್ಲಿ ಪಿಯಾನೋ ಅಥವಾ ಆರ್ಗನ್ ನುಡಿಸುವವನೊಬ್ಬ ಇರುತ್ತಿದ್ದ. ಎಲ್ಲರಿಗೂ ಗೊತ್ತಿದ್ದ ಹಳೆಯ ಹಾಡೊಂದನ್ನು ಅವನು ಎತ್ತಿಕೊಂಡರೆ ಪ್ರೇಕ್ಷಕರು ದನಿಗೂಡಿಸುತ್ತಿದ್ದರು. ಅದಕ್ಕೂ ಮುಂಚೆ ಗಾಜಿನ ಸ್ಲೈಡುಗಳ ಮೇಲೆ ಹಾಡಿನ ಸಾಲು ಬರೆದು ಮ್ಯಾಜಿಕ್ ಲ್ಯಾಂಟರ್ನಿನಲ್ಲಿ ತೋರಿಸುವ ಪದ್ಧತಿ ಇತ್ತು. ಅದರ ಕೊರತೆ ಎಂದರೆ, ಸಾಲು ಕಾಣುತ್ತದೆ, ತಾಳ ಕಾಣುವುದಿಲ್ಲ. ಮುಂದಿನ ಬೆಂಚಿನವರು ಹಾಡಿ ಮುಗಿಸಿದಾಗ ಹಿಂದಿನವರು ಇನ್ನೂ ನಡುಸಾಲಿನಲ್ಲಿ. ಫ್ಲೀಷರ್ ತಂಡ ಅದಕ್ಕೆ ಹುಡುಕಿದ ಮದ್ದೇ ಪುಟಿಯುವ ಚೆಂಡು. ಚೆಂಡು ಯಾವ ಪದದ ನೆತ್ತಿಯ ಮೇಲೆ ಬಿತ್ತೋ ಆ ಪದ ಹಾಡಬೇಕು, ಅಷ್ಟೇ.

ಆ ಚೆಂಡನ್ನು ಕುಂಚದಿಂದ ಬರೆದದ್ದು ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಅದು ಕೈಯಲ್ಲಿ ಹಿಡಿದ ನಿಜವಾದ ಚೆಂಡು. ಕಪ್ಪು ಹಿನ್ನೆಲೆಯ ಪಟ್ಟಿಯ ಮೇಲೆ ಹಾಡಿನ ಸಾಲುಗಳನ್ನು ಬಿಳಿ ಅಕ್ಷರದಲ್ಲಿ ಬರೆದು ಉರುಳೆಗೆ ಸುತ್ತುತ್ತಿದ್ದರು. ಉರುಳೆ ತಿರುಗಿದ ಹಾಗೆ ಒಂದೊಂದೇ ಸಾಲು ಕ್ಯಾಮೆರಾದ ಎದುರು ಬಂದು ನಿಲ್ಲುತ್ತಿತ್ತು. ಕೋಲಿನ ತುದಿಗೆ ಬಿಳಿಯ ಗುಂಡು ಸಿಕ್ಕಿಸಿ, ಕೈಗೆ ಕಪ್ಪು ಗ್ಲೌಸು ತೊಟ್ಟವನೊಬ್ಬ ತಾಳಕ್ಕೆ ಸರಿಯಾಗಿ ಅದನ್ನು ಪದದಿಂದ ಪದಕ್ಕೆ ಕುಣಿಸುತ್ತಿದ್ದ. ಕಪ್ಪಿನ ಮುಂದೆ ಕಪ್ಪು ಕೈ ಕಾಣುವುದಿಲ್ಲ. ಫಿಲ್ಮಿನಲ್ಲಿ ಉಳಿಯುವುದು ಅಕ್ಷರ ಮತ್ತು ಚೆಂಡು ಮಾತ್ರ. ಚಿತ್ರ ಬರೆಯುವ ಕೈಗಿಂತ ಲಯ ಬಲ್ಲ ಕೈ ಇಲ್ಲಿ ಮುಖ್ಯ. ಹಾಗಾಗಿ ಮನೆಯಲ್ಲಿ ಸಂಗೀತ ಬಲ್ಲವನೆನಿಸಿಕೊಂಡಿದ್ದ ಇನ್ನೊಬ್ಬ ಸೋದರ ಲೂ ಫ್ಲೀಷರ್ ಈ ಕೆಲಸಕ್ಕೆ ನಿಂತ. ಮೊದಲ ಸುತ್ತು ಚೆಂಡಿನದು. ಎರಡನೇ ಸುತ್ತಿಗೆ ಬಂದಾಗ ಚೆಂಡನ್ನು ಬದಿಗಿಟ್ಟು, ಬರೆದ ಪುಟ್ಟ ಗೊಂಬೆಯೋ ಪ್ರಾಣಿಯೋ ಅಕ್ಷರಗಳ ಮೇಲೆ ಜಿಗಿಯುತ್ತ ಹೋಗುತ್ತಿತ್ತು. ಕೆಲವೊಮ್ಮೆ ಪದವೇ ಮುದುರಿ ತಾನು ಹೇಳುವ ವಸ್ತುವಾಗಿ ಬದಲಾಗುತ್ತಿತ್ತು. ಒಂದು ಸಲ ಓದಿಸಿದ್ದಾಯಿತು, ಇನ್ನೊಂದು ಸಲ ಆಟ ಎಂಬ ಲೆಕ್ಕ.

1926ರಲ್ಲಿ ಇದೇ ಮಾಲೆಯ ‘ಮೈ ಓಲ್ಡ್ ಕೆಂಟಕಿ ಹೋಮ್’ ಚಿತ್ರದಲ್ಲಿ ಒಂದು ನಾಯಿ ಪ್ರೇಕ್ಷಕರ ಕಡೆ ತಿರುಗಿ, ಚೆಂಡನ್ನು ಹಿಂಬಾಲಿಸಿ ಎಲ್ಲರೂ ಹಾಡಿರೆಂದು ಬಾಯಿಬಿಟ್ಟು ಹೇಳಿತು. ಲೀ ಡಿ ಫಾರೆಸ್ಟ್ ರೂಪಿಸಿದ ಫೋನೋಫಿಲ್ಮ್ ಎಂಬ ಧ್ವನಿ ತಂತ್ರದಲ್ಲಿ ಆ ಮಾತು ಚಿತ್ರದ ಜೊತೆಗೇ ಮುದ್ರಿತವಾಗಿತ್ತು. ಮಿಕ್ಕಿ ಮೌಸ್ ಸೀಟಿ ಹೊಡೆಯುತ್ತ ಬಂದ ‘ಸ್ಟೀಮ್‌ಬೋಟ್ ವಿಲ್ಲಿ’ ತೆರೆ ಕಂಡದ್ದು 1928ರ ನವೆಂಬರ್ 18ರಂದು. ಅಂದರೆ ಇಲಿಗಿಂತ ಎರಡು ವರ್ಷ ಮೊದಲೇ ನಾಯಿ ಮಾತಾಡಿತ್ತು. ಹೆಸರು ಬಂದದ್ದು ಇಲಿಗೆ. ನಾಯಿಯ ಚಿತ್ರಗಳನ್ನು ಹಂಚುತ್ತಿದ್ದ ಕಂಪನಿ ಅಷ್ಟರಲ್ಲಿ ದಿವಾಳಿ ಎದ್ದಿತ್ತು, ಧ್ವನಿಯಂತ್ರ ಕೂರಿಸಿಕೊಂಡ ಥಿಯೇಟರುಗಳೂ ಆಗ ಬೆರಳೆಣಿಕೆಯಷ್ಟು.

ಆದರೆ ಇಲಿಯ ಚಿತ್ರದಲ್ಲೂ ನೋಡಲೇಬೇಕಾದ ಒಂದು ದೃಶ್ಯವಿದೆ. ದೋಣಿ ಹತ್ತಿದ ಆಡೊಂದು ಮಿನ್ನಿಯ ವಾದ್ಯವನ್ನೂ ಹಾಡಿನ ಹಾಳೆಗಳನ್ನೂ ತಿಂದುಬಿಡುತ್ತದೆ. ತಿಂದದ್ದು ಹೊಟ್ಟೆಯಲ್ಲಿದೆ ತಾನೇ? ಮಿನ್ನಿ ಆಡಿನ ಬಾಲವನ್ನು ಹ್ಯಾಂಡಲ್ ಥರ ತಿರುವುತ್ತಾಳೆ, ಆಡಿನ ಬಾಯಿಂದ ಸಂಗೀತ ಹೊರಡುತ್ತದೆ. ಆಡೇ ಗ್ರಾಮಫೋನು. ಪ್ರಾಣಿ, ಹಾಡು, ತಲೆಕೆಟ್ಟ ಯಂತ್ರ, ಮೂರೂ ಒಂದೇ ಗಳಿಗೆಯಲ್ಲಿ ಕೂಡಿದ್ದು ಇಲ್ಲಿ. ಮುಂದಿನ ಕಾಲು ಶತಮಾನದ ಕಾರ್ಟೂನುಗಳು ಈ ಮೂರನ್ನೇ ಮತ್ತೆ ಮತ್ತೆ ಕಲಸಿ ಬಡಿಸಿದವು. ಡಿಸ್ನಿಯ ಮೂರು ಹಂದಿಗಳಲ್ಲಿ ಇಟ್ಟಿಗೆ ಮನೆ ಕಟ್ಟಿದ ಜಾಣ ಹಂದಿ 1936ರ ಚಿತ್ರದಲ್ಲಿ ತೋಳವನ್ನು ಬಡಿದು ಬುದ್ಧಿ ಕಲಿಸುವ ಯಂತ್ರವನ್ನೂ, 1939ರ ಚಿತ್ರದಲ್ಲಿ ಸುಳ್ಳು ಪತ್ತೆ ಹಚ್ಚುವ ಯಂತ್ರವನ್ನೂ ಕಟ್ಟುತ್ತದೆ. ಫ್ಲೀಷರ್ ಸ್ಟುಡಿಯೋದ ಗ್ರಾಂಪಿ ಎಂಬ ಮುದುಕ ಬಲ್ಬು ಸಿಕ್ಕಿಸಿದ ಟೋಪಿಯನ್ನು ತಲೆಗೇರಿಸಿಕೊಂಡು ಯೋಚಿಸುತ್ತಾನೆ. ಬಲ್ಬು ಹೊತ್ತಿದರೆ ಉಪಾಯ ಹೊಳೆಯಿತು ಎಂದರ್ಥ. ಆಮೇಲೆ ಅಡುಗೆಮನೆಯ ಸಾಮಾನುಗಳೇ ಯಂತ್ರದ ಬಿಡಿಭಾಗಗಳು.

ಇದು ಆಕಸ್ಮಿಕವಲ್ಲ. ಮ್ಯಾಕ್ಸ್ ಫ್ಲೀಷರ್ ಕಾರ್ಟೂನಿಗೆ ಬರುವ ಮುನ್ನ ‘ಪಾಪ್ಯುಲರ್ ಸೈನ್ಸ್’ ಮಾಸಪತ್ರಿಕೆಯ ಕಲಾ ಸಂಪಾದಕ. ತಿಂಗಳಿಗೊಮ್ಮೆ ಹೊಸ ಹೊಸ ಯಂತ್ರಗಳ ಚಿತ್ರ ಬರೆಸುವುದೇ ಅವನ ಕೆಲಸವಾಗಿತ್ತು. ನಿಜವಾದ ಮನುಷ್ಯನ ಚಲನೆಯನ್ನು ಫಿಲ್ಮಿನಲ್ಲಿ ಹಿಡಿದು, ಒಂದೊಂದೇ ಚೌಕಟ್ಟಿನ ಮೇಲೆ ಚಿತ್ರ ತಿದ್ದುವ ರೋಟೋಸ್ಕೋಪ್ ಉಪಕರಣಕ್ಕೆ 1917ರಲ್ಲಿ ಪೇಟೆಂಟ್ ಪಡೆದವನೂ ಅವನೇ. ಚಿತ್ರಗಳೊಳಗಿನ ಹುಚ್ಚು ಸಂಶೋಧಕರು ಆ ಸ್ಟುಡಿಯೋದ ಯಜಮಾನನ ಸ್ವಂತ ನೆರಳು. ಫ್ಲೀಷರ್‌ಗಳ ಕೈಯಿಂದ ಸ್ಟುಡಿಯೋ ಜಾರಿದ ಮೇಲೆ ಅದೇ ಜಾಗಕ್ಕೆ ಬಂದ ಫೇಮಸ್ ಸ್ಟುಡಿಯೋಸ್ 1947ರಲ್ಲಿ ಚೆಂಡಿನ ಚಿತ್ರಗಳಿಗೆ ಮರುಜೀವ ಕೊಟ್ಟಿತು. ಮಾದರಿ ಒಂದೇ: ಜಾತ್ರೆ, ಹೊಲ, ಪ್ರಾಣಿಸಂಗ್ರಹಾಲಯ ಎಂದು ಏನಾದರೂ ಒಂದು ನೆಪ, ಪ್ರಾಣಿಗಳ ಚೇಷ್ಟೆ, ಕೊನೆಗೆ ಚೆಂಡು, ಹಾಡು. 1953ರ ‘ಇನ್ವೆನ್ಷನ್ ಕನ್ವೆನ್ಷನ್’ ಹೆಸರೇ ಹೇಳುವಂತೆ ಸಂಶೋಧಕರ ಸಮ್ಮೇಳನ. ಆ ವರ್ಷದ ಹೊತ್ತಿಗೆ ಮಾಲೆಯೂ ನಿಂತಿತು. ಈಗ ಕೂತು ನೋಡಿದರೆ ಅರ್ಧಕ್ಕರ್ಧ ಸಪ್ಪೆ ಎನ್ನಿಸುತ್ತವೆ. ಕಪ್ಪು ಜನರನ್ನು, ಏಷ್ಯದವರನ್ನು ಹಾಸ್ಯಕ್ಕೆ ಬಳಸಿದ ದೃಶ್ಯಗಳು ಅಂದಿನ ಕಾರ್ಟೂನುಗಳಲ್ಲಿ ಎಷ್ಟೋ. ಹಳೆಯದೆಂಬ ಮಾತ್ರಕ್ಕೆ ಮಕ್ಕಳ ಮುಂದೆ ಇಡುವಂಥವಲ್ಲ. ಚೆಂಡೊಂದು ಮಾತ್ರ ಮುದುಕಾಗಲಿಲ್ಲ.

ಒಬ್ಬ ಎತ್ತಿಕೊಡುವುದು, ಉಳಿದವರು ದನಿಗೂಡಿಸುವುದು ಮರಾಠವಾಡದ ಗಡಿಗೆ ಹೊಸದೇನಲ್ಲ. ಭಜನೆಯ ಮೇಳ ನಡೆಯುವುದೇ ಹಾಗೆ, ಹಾಡಿನ ಭಾಷೆ ಕನ್ನಡವಿರಲಿ, ಮರಾಠಿಯಿರಲಿ. ಬಿಳಿ ಪರದೆಯ ಹಿಂದೆ ದೀಪವಿಟ್ಟು ಪ್ರಾಣಿಗಳನ್ನು ಹಾಡಿಸುವುದನ್ನೂ ಉತ್ತರ ಕರ್ನಾಟಕದ ತೊಗಲುಗೊಂಬೆಯವರು ಕಾರ್ಟೂನಿಗಿಂತ ಬಹಳ ಮೊದಲೇ ಬಲ್ಲವರು. ಅವರ ಕಿಳ್ಳೇಕ್ಯಾತ, ಬಂಗಾರಕ್ಕನ ಜೋಡಿ ನಗಿಸದ ಊರಿಲ್ಲ. ಇಲ್ಲದಿದ್ದದ್ದು ಅಕ್ಷರ. ಮೇಳದಲ್ಲಿ ಕಿವಿಗೆ ಕೆಲಸ, ಕಣ್ಣಿಗೆ ಇಲ್ಲ. ಕಣ್ಣಿಗೂ ಕೆಲಸ ಕೊಡುವ ಯುಕ್ತಿ ನಮ್ಮ ಕಡೆಗೆ ಬಂದದ್ದು ಬಹಳ ತಡವಾಗಿ, ಅದೂ ಸುತ್ತುದಾರಿಯಲ್ಲಿ.

ಮೊದಲು ಬಂದದ್ದು ಚಿತ್ರ. ದಾದಾಸಾಹೇಬ ಫಾಳ್ಕೆ 1915ರ ಸುಮಾರಿಗೆ ಬೆಂಕಿಕಡ್ಡಿಗಳನ್ನು ಒಂದೊಂದೇ ಚೌಕಟ್ಟಿಗೆ ಇಷ್ಟಿಷ್ಟು ಸರಿಸಿ ಕುಣಿಸಿ ‘ಆಗಕಾಡ್ಯಾಂಚಿ ಮೌಜ’ ಮಾಡಿದರು. 1930ರ ದಶಕದಲ್ಲಿ ಪ್ರಭಾತ್ ಕಂಪನಿ ನರಿಯೊಂದನ್ನು ನಾಯಕನನ್ನಾಗಿಸಿ ‘ಜಂಬುಕಾಕಾ’ ಎಂಬ ಕಾರ್ಟೂನು ತೆಗೆಯಿತು. ಅಂಥ ಪ್ರಯತ್ನಗಳು ಬಿಡಿ ಬಿಡಿಯಾಗಿಯೇ ಉಳಿದವು. ಒಂದು ನಿಮಿಷದ ಕಾರ್ಟೂನಿಗೆ ನೂರಾರು ಚಿತ್ರ ಬರೆಯಬೇಕು, ಆ ಖರ್ಚನ್ನು ಟಿಕೆಟ್ಟಿನಿಂದ ಗಿಟ್ಟಿಸುವುದು ಅಸಾಧ್ಯ. ಸರಕಾರದ ಫಿಲ್ಮ್ಸ್ ಡಿವಿಜನ್ 1956ರಲ್ಲಿ ಕಾರ್ಟೂನ್ ವಿಭಾಗ ತೆರೆದ ಮೇಲೆ ಈ ಕಸುಬಿಗೆ ಒಂದು ನೆಲೆ ಸಿಕ್ಕಿತು. ಕಲಿಸಲು ಬಂದವನು ಕ್ಲೇರ್ ವೀಕ್ಸ್. ಡಿಸ್ನಿಯಲ್ಲಿ ‘ಬ್ಯಾಂಬಿ’ಗೆ ದುಡಿದವನು, ಮಿಷನರಿ ತಂದೆತಾಯಿಯ ಮಗನಾಗಿ ಭಾರತದಲ್ಲೇ ಬೆಳೆದವನು. ಅವನ ಗರಡಿಯಲ್ಲಿ 1957ರಲ್ಲಿ ಹೊರಬಂದ ‘ದಿ ಬನ್ಯನ್ ಡಿಯರ್’ ಜಾತಕ ಕಥೆಯ ಜಿಂಕೆಯದು. ಭಾರತದ ಅನಿಮೇಷನ್ನಿನ ಹಿರಿಯ ಎನಿಸಿಕೊಂಡ ರಾಮ್ ಮೋಹನ್ ಕೈ ತಿದ್ದಿಕೊಂಡದ್ದು ಅಲ್ಲೇ. ಮುಂದೆ ಯುನಿಸೆಫ್‌ಗಾಗಿ ಮೀನಾ ಎಂಬ ಹುಡುಗಿಯನ್ನೂ ಅವಳ ಮಿಠ್ಠು ಗಿಣಿಯನ್ನೂ ರೂಪಿಸಿದವರು ಅವರೇ. ಆ ಹುಡುಗಿಯ ಹೆಸರಿನ ಮೀನಾ-ರಾಜು ಮಂಚ್ ಮಹಾರಾಷ್ಟ್ರದ ಸಾಲಿಗಳಿಗೆ ಪರಿಚಿತ.

ಹಾಡು, ಪ್ರಾಣಿ, ಮಕ್ಕಳು ಮೂರೂ ಒಟ್ಟಿಗೆ ಸಿಕ್ಕ ಭಾರತೀಯ ಚಿತ್ರ ಯಾವುದೆಂದರೆ ಐವತ್ತು ದಾಟಿದ ಯಾರನ್ನು ಕೇಳಿದರೂ ಒಂದೇ ಹೆಸರು ಬರುತ್ತದೆ: ‘ಏಕ್ ಅನೇಕ್ ಔರ್ ಏಕತಾ’. 1974ರದು, ಏಳು ನಿಮಿಷದ ಆಸುಪಾಸಿನದು. ನಿರ್ದೇಶನ ವಿಜಯಾ ಮುಳೆ ಅವರದು, ಚಿತ್ರಗಳು ಭೀಮಸೇನ್ ಅವರವು, ಸಂಗೀತ ವಸಂತ ದೇಸಾಯಿ ಅವರದು. ಆಗಿನ್ನೂ ಪುಟ್ಟ ಹುಡುಗಿಯಾಗಿದ್ದ ಸಾಧನಾ ಸರಗಮ್ ದನಿ. ಒಂದು ಎಂದರೇನು, ಅನೇಕ ಎಂದರೇನು ಎಂದು ಮಕ್ಕಳು ಅಕ್ಕನನ್ನು ಕೇಳುತ್ತಾರೆ. ಅಕ್ಕ ಬೇಡನ ಬಲೆಗೆ ಬಿದ್ದ ಹಕ್ಕಿಗಳ ಕಥೆಯನ್ನು ಹಾಡಿನಲ್ಲೇ ಹೇಳುತ್ತಾಳೆ. ಹಕ್ಕಿಗಳೆಲ್ಲ ಒಮ್ಮೆಲೇ ರೆಕ್ಕೆ ಬಡಿದು ಬಲೆಯನ್ನೇ ಎತ್ತಿಕೊಂಡು ಹಾರುತ್ತವೆ, ಇಲಿಗಳು ಹಗ್ಗ ಕಡಿಯುತ್ತವೆ. ಅತ್ಯುತ್ತಮ ಶೈಕ್ಷಣಿಕ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ವಸಂತ ದೇಸಾಯಿ ಪ್ರಭಾತ್ ಕಂಪನಿಯಲ್ಲಿ ಬೆಳೆದವರು, ‘ದೋ ಆಂಖೇ ಬಾರಹ್ ಹಾಥ್’, ‘ಗುಡ್ಡಿ’ ಚಿತ್ರಗಳ ಪ್ರಾರ್ಥನೆಗಳನ್ನು ದೇಶದ ಸಾಲಿಗಳಿಗೆ ಹಬ್ಬಿಸಿದವರು. ಎಲ್ಲರೂ ಒಟ್ಟಿಗೆ ಹಾಡಬಲ್ಲ ರಾಗ ಯಾವುದು, ಉಸಿರು ತೆಗೆದುಕೊಳ್ಳಲು ಎಲ್ಲಿ ಜಾಗ ಬಿಡಬೇಕು ಎಂಬುದು ಅವರಿಗೆ ಬಾಯಿಪಾಠ. ತೆರೆಯ ಮೇಲೆ ಚೆಂಡಿಲ್ಲದೆಯೂ ಒಂದು ತಲೆಮಾರು ಆ ಹಾಡನ್ನು ತಾಳ ತಪ್ಪದೆ ಹಾಡಿದ್ದಕ್ಕೆ ಕಾರಣ ಇದು.

ಬಲೆ ಹೊತ್ತು ಹಾರುವ ಪಾರಿವಾಳಗಳು ಪಂಚತಂತ್ರದವು. ಅಲ್ಲಿ ಪಾರಿವಾಳಗಳ ರಾಜ ಚಿತ್ರಗ್ರೀವ, ಬಲೆ ಕಡಿಯುವ ಇಲಿ ಹಿರಣ್ಯಕ. ಕನ್ನಡಕ್ಕೆ ಪಂಚತಂತ್ರ ತಂದ ದುರ್ಗಸಿಂಹ 11ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು. ಆ ಕಲ್ಯಾಣ ಇವತ್ತಿನ ಬಸವಕಲ್ಯಾಣ, ಉಮರ್ಗಾದವರಿಗೂ ನಿಲಂಗಾದವರಿಗೂ ಬಸ್ಸು ಹತ್ತಿದರೆ ಸಿಗುವ ಊರು.

‘ಏಕ್ ಅನೇಕ್’ ಬಂದ ಹೊತ್ತಿನಲ್ಲೇ ಗಡಿಯ ಆಚೆಗೆ ಇನ್ನೊಂದು ಪ್ರಯೋಗ ನಡೆಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ಕಳಿಸಿದರು. ಸೈಟ್ ಎಂಬ ಈ ಯೋಜನೆಯಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳು. ಹಳ್ಳಿಯ ಸಾಲಿಯ ಅಂಗಳದಲ್ಲಿ ಮೂರು ಮೀಟರು ಅಗಲದ ಬುಟ್ಟಿ ಆಂಟೆನಾ. ಅದನ್ನು ಹೆಣೆದದ್ದು ಕೋಳಿಗೂಡಿಗೆ ಬಳಸುವಂಥ ತಂತಿಜಾಲರಿಯಿಂದ. 36 ಸಾವಿರ ಕಿಲೋಮೀಟರು ಎತ್ತರದಿಂದ ಬಂದ ಸಂಕೇತವನ್ನು ಕೋಳಿಜಾಲರಿ ಹಿಡಿಯುವುದು ಗ್ರಾಂಪಿಯ ಟೋಪಿಗೂ ಹೊಳೆಯದ ಉಪಾಯ, ಆದರೆ ಇದು ಕೆಲಸ ಮಾಡಿತು. ಬೆಳಿಗ್ಗೆ ಸಾಲಿಯ ಮಕ್ಕಳಿಗೆಂದೇ ಇಪ್ಪತ್ತೆರಡೂವರೆ ನಿಮಿಷ ಮೀಸಲು. ಒಂದು ಚಿತ್ರದ ಜೊತೆಗೆ ಎರಡು ದನಿಗಳನ್ನು ಕಳಿಸುವ ಅನುಕೂಲ ಆ ವ್ಯವಸ್ಥೆಯಲ್ಲಿತ್ತು, ಹಾಗಾಗಿ ಒಂದೇ ಚಿತ್ರವನ್ನು ಒಬ್ಬರು ಕನ್ನಡದಲ್ಲೂ ಇನ್ನೊಬ್ಬರು ತೆಲುಗಿನಲ್ಲೂ ಕೇಳಬಹುದಿತ್ತು. ಕಾರ್ಟೂನಿನ ಪ್ರಾಣಿಗಳಿಗೆ ಇದು ಹೇಳಿ ಮಾಡಿಸಿದ್ದು. ಮನುಷ್ಯನ ತುಟಿ ತೆಲುಗಿನಲ್ಲಿ ಆಡಿ ದನಿ ಕನ್ನಡದಲ್ಲಿ ಬಂದರೆ ಗೊತ್ತಾಗಿಬಿಡುತ್ತದೆ, ಕಾಗೆಯ ಕೊಕ್ಕಿಗೆ ಆ ಫಜೀತಿ ಇಲ್ಲ.

ಸೈಟ್ ನಕಾಶೆ ಗುಲಬರ್ಗಾ ಜಿಲ್ಲೆಯ ಗಡಿಗೆ ನಿಂತಿತು. ಮಹಾರಾಷ್ಟ್ರ ಆ ಆರು ರಾಜ್ಯಗಳಲ್ಲಿ ಇರಲಿಲ್ಲ. ಉದಗೀರ, ನಿಲಂಗಾಗಳು 1956ರವರೆಗೂ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಉಸ್ಮಾನಾಬಾದಿಗೆ ಹೋದವು, 1982ರಲ್ಲಿ ಲಾತೂರ ಪ್ರತ್ಯೇಕ ಜಿಲ್ಲೆಯಾದಾಗ ಅಲ್ಲಿಗೆ ಸೇರಿದವು. ಹಾಗಾಗಿ ಈ ಕಡೆಯ ಕನ್ನಡ ಮನೆಗಳಿಗೆ ಮಕ್ಕಳ ಟಿವಿ ಮೊದಲು ಬಂದದ್ದು ಮರಾಠಿಯಲ್ಲಿ. 1984ರಲ್ಲಿ ಪುಣೆಯಲ್ಲಿ ಆರಂಭವಾದ ‘ಬಾಲಚಿತ್ರವಾಣಿ’ ಸಂಸ್ಥೆ ಸಾಲಿಯ ಮಕ್ಕಳಿಗಾಗಿ ಕಾರ್ಯಕ್ರಮ ತಯಾರಿಸಿ ದೂರದರ್ಶನಕ್ಕೆ ಕೊಡುತ್ತಿತ್ತು. ಅದರ ಶೀರ್ಷಿಕೆಗೀತೆ ಆ ಕಾಲದ ಮಕ್ಕಳಿಗೆ ಈಗಲೂ ನೆನಪಿದೆ. ಸಂಸ್ಥೆ ಮಾತ್ರ 2017ರಲ್ಲಿ ಬಾಗಿಲು ಹಾಕಿತು. ತೊಂಬತ್ತರ ದಶಕದ ರವಿವಾರಗಳಲ್ಲಿ ದೂರದರ್ಶನ ಡಿಸ್ನಿಯ ‘ಡಕ್ ಟೇಲ್ಸ್’ ಅನ್ನು ಹಿಂದಿಯಲ್ಲಿ ತಂದಿತು. ಬಾತುಕೋಳಿಗಳ ಆ ಊರಿನಲ್ಲಿ ಜೈರೋ ಗಿಯರ್‌ಲೂಸ್ ಎಂಬ ಸಂಶೋಧಕ ಪಕ್ಷಿ ಇದ್ದ. ಅವನ ಯಂತ್ರಗಳು ಎಡವಟ್ಟು ಮಾಡದ ದಿನವೇ ಇಲ್ಲ. ಹಾಡಿನ ಹಿಂದಿ ಪದಗಳು ಅರ್ಧ ತಪ್ಪಿದ್ದರೂ ರಾಗ ತಪ್ಪದೆ ಮಕ್ಕಳು ಕೂಗುತ್ತಿದ್ದರು. ಆಗಲೂ ತೆರೆಯ ಮೇಲೆ ಅಕ್ಷರ ಇರಲಿಲ್ಲ.

ಅಕ್ಷರ ಬಂದದ್ದು ಕಾರ್ಟೂನಿನ ಬಾಗಿಲಿನಿಂದಲ್ಲ, ಸಿನಿಮಾ ಹಾಡಿನ ಕಿಟಕಿಯಿಂದ. 1996ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಬ್ರಿಜ್ ಕೊಠಾರಿ ಗೆಳೆಯರೊಡನೆ ಸ್ಪ್ಯಾನಿಷ್ ಚಿತ್ರವೊಂದನ್ನು ನೋಡುತ್ತಿದ್ದರು. ಅಡಿಬರಹ ಇಂಗ್ಲಿಷಿನಲ್ಲಿತ್ತು. ಸ್ಪ್ಯಾನಿಷ್ ಕಲಿಯುತ್ತಿದ್ದ ಅವರಿಗೆ ಅದು ಸ್ಪ್ಯಾನಿಷಿನಲ್ಲೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಹಾಗೆಯೇ ಹಿಂದಿ ಹಾಡಿಗೆ ಹಿಂದಿಯಲ್ಲೇ ಅಕ್ಷರ ಬಂದರೆ ದೇಶಕ್ಕೆ ದೇಶವೇ ಓದು ಕಲಿತೀತು ಎಂಬ ಮಾತು ಅಲ್ಲಿಯೇ ಹುಟ್ಟಿತು. ಅಹಮದಾಬಾದಿನ ಐಐಎಂಗೆ ಬಂದ ಮೇಲೆ ಅದನ್ನೇ ಕೆಲಸವಾಗಿ ಹಿಡಿದರು. 1999ರಲ್ಲಿ ಗುಜರಾತಿ ‘ಚಿತ್ರಗೀತ್’ ಕಾರ್ಯಕ್ರಮದಲ್ಲಿ ಪ್ರಯೋಗ, 2002ರಲ್ಲಿ ‘ಚಿತ್ರಹಾರ್’ ಮೂಲಕ ದೇಶದ ಉದ್ದಗಲಕ್ಕೆ. ಆಮೇಲೆ ಕನ್ನಡವೂ ಸೇರಿ ಬೇರೆ ಭಾಷೆಗಳ ದೂರದರ್ಶನದ ಹಾಡುಗಳಿಗೂ ಅಕ್ಷರ ಓಡಿದವು. ಅವರ ಪ್ಲ್ಯಾನೆಟ್‌ರೀಡ್ ಸಂಸ್ಥೆ 2013ರಿಂದ ಸುಮಾರು ಎರಡು ವರ್ಷ ಝೀ ಟಾಕೀಸ್ ವಾಹಿನಿಯ ಮರಾಠಿ ಚಿತ್ರಗಳಿಗೆ ಮರಾಠಿಯಲ್ಲೇ ಅಡಿಬರಹ ಹಾಕಿಸಿತು. ಈ ಕೆಲಸದ ಹಿಂದಿನ ಲೆಕ್ಕ ಸರಳ: ಸಾಲಿ ಬಿಟ್ಟ ಹೆಂಗಸು ಪುಸ್ತಕ ಬಿಚ್ಚಲಿಕ್ಕಿಲ್ಲ, ಹಾಡು ನೋಡದೆ ಇರುವುದಿಲ್ಲ. ಹಾಡು ಗೊತ್ತು, ಮುಂದೆ ಯಾವ ಪದ ಬರುತ್ತದೆಂದೂ ಗೊತ್ತು. ಗೊತ್ತಿರುವ ಪದವನ್ನು ಕಣ್ಣು ತಡಕಾಡಿ ಗುರುತಿಸುತ್ತದೆ; ಓದು ಎಂಬ ಅಂಜಿಕೆ ಹತ್ತಿರ ಸುಳಿಯುವುದಿಲ್ಲ. ಫ್ಲೀಷರ್‌ಗಳು ಹಾಡಿಸಲು ಓದಿಸಿದರು, ಕೊಠಾರಿ ಓದಿಸಲು ಹಾಡಿಸಿದರು.

ಚೆಂಡನ್ನು ಕನ್ನಡದ ಮೇಲೆ ಬಿಟ್ಟರೆ ಏನಾಗುತ್ತದೆ? ಇಂಗ್ಲಿಷಿನಲ್ಲಿ ಒಂದು ಪದದಲ್ಲಿ ಎಷ್ಟು ಸಲ ಪುಟಿಯಬೇಕು ಎಂದು ತೋರಿಸಲು ಪದವನ್ನು ಅಡ್ಡಗೆರೆ ಹಾಕಿ ಒಡೆಯಬೇಕಾಗುತ್ತಿತ್ತು. ಕನ್ನಡಕ್ಕೆ ಆ ಕಷ್ಟವಿಲ್ಲ. ‘ನಾಯಿಮರಿ’ಯಲ್ಲಿ ನಾಲ್ಕು ಅಕ್ಷರ, ನಾಲ್ಕು ಪುಟಿತ. ಒಂದು ಅಕ್ಷರದ ಮೇಲೆ ಚೆಂಡು ಎಷ್ಟು ಹೊತ್ತು ನಿಲ್ಲಬೇಕು ಎಂಬ ಲೆಕ್ಕವನ್ನೂ ನಮ್ಮ ಛಂದಸ್ಸು ಎಂದೋ ಬರೆದಿಟ್ಟಿದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಸಿನಿಮಾದ ಸೆಕೆಂಡಿಗೆ 24 ಚೌಕಟ್ಟು. ಮಾತ್ರೆಗೆ ಅರ್ಧ ಸೆಕೆಂಡಿನ ನಡೆ ಇದ್ದರೆ ಲಘುವಿನ ಮೇಲೆ ಚೆಂಡು 12 ಚೌಕಟ್ಟು, ಗುರುವಿನ ಮೇಲೆ 24 ಚೌಕಟ್ಟು. ‘ಅಕ್ಕ’ ಎಂಬಲ್ಲಿ ‘ಅ’ ಹ್ರಸ್ವವೇ, ಆದರೆ ಮುಂದೆ ಒತ್ತಕ್ಷರ ಇರುವುದರಿಂದ ಅದು ಗುರು, ಚೆಂಡು ಅಲ್ಲಿ ಎರಡು ಮಾತ್ರೆ ಕಾಯಬೇಕು. ಹೈಸ್ಕೂಲಿನಲ್ಲಿ ಬೈದುಕೊಂಡು ಹಾಕುವ ಪ್ರಸ್ತಾರ ಎಂದರೆ ಇದೇ ಕೆಲಸ. ಕನ್ನಡ ಪಂಡಿತರೊಬ್ಬರನ್ನು ಸ್ಟುಡಿಯೋಗೆ ಕರೆದೊಯ್ದು ಕೋಲು ಕೊಟ್ಟರೆ ಲೂ ಫ್ಲೀಷರ್‌ಗೆ ಸರಿಜೋಡಿ ಆದಾರು.

ತೊಡಕು ಬರುವುದು ಚೆಂಡು ಬಿಟ್ಟು ಬಣ್ಣಕ್ಕೆ ಹೋದಾಗ. ಈಗಿನ ವಿಡಿಯೋಗಳಲ್ಲಿ ಬಣ್ಣ ಎಡದಿಂದ ಬಲಕ್ಕೆ ಹರಿಯುತ್ತದೆ. ‘ಸೂರ್ಯ’ ಎಂಬ ಪದವನ್ನು ಅರ್ಕಾವತ್ತು ಹಾಕಿ ಬರೆದರೆ ಉಚ್ಚಾರದಲ್ಲಿ ಮೊದಲು ಬರುವ ರಕಾರದ ಗುರುತು ಯಕಾರದ ಬಲಕ್ಕಿರುತ್ತದೆ. ಬಣ್ಣ ಯಕಾರವನ್ನು ಮೊದಲು ಮುಟ್ಟಿ ಆಮೇಲೆ ರಕಾರಕ್ಕೆ ಬರುತ್ತದೆ. ದೇವನಾಗರಿಯಲ್ಲಿ ಇದರ ತಿರುವುಮುರುವು, ಅಲ್ಲಿ ಹ್ರಸ್ವ ‘ಇ’ಕಾರದ ಗುಣಿತಚಿಹ್ನೆ ವ್ಯಂಜನದ ಎಡಕ್ಕೆ ಕೂರುತ್ತದೆ, ಆದ್ದರಿಂದ ಸ್ವರಕ್ಕೆ ಮೊದಲು ಬಣ್ಣ. ಇಂಗ್ಲಿಷನ್ನು ಗಮನದಲ್ಲಿಟ್ಟು ಬರೆದ ಕರೋಕೆ ಸಾಫ್ಟ್‌ವೇರಿಗೆ ಒತ್ತಕ್ಷರ ಕೊಟ್ಟರೆ ಇನ್ನೂ ಅವಾಂತರ. ಅದು ‘ಕ್ಷ’ವನ್ನು ಎರಡು ತುಂಡು ಎಂದುಕೊಂಡು ಮೊದಲ ತುಂಡಿಗೆ ಬಣ್ಣ ಬಳಿಯಹೋದಾಗ ಅಕ್ಷರದ ಆಕಾರವೇ ಒಡೆದು ಕೊಂಬು, ಬಾಲ ಚೆಲ್ಲಾಪಿಲ್ಲಿ. ಮಕ್ಕಳಿಗೆ ಓದಿಸಲು ಹೊರಟವರು ಈ ಹರಿಯುವ ಬಣ್ಣದ ಆಸೆ ಬಿಟ್ಟು, ಇಡೀ ಅಕ್ಷರಕ್ಕೆ ಒಂದೇ ಏಟಿಗೆ ಬಣ್ಣ ಹಾಕುವುದು ವಾಸಿ. ಚೆಂಡು ಮಾಡುತ್ತಿದ್ದದ್ದೂ ಅದೇ.

ಸರಕಿಗೆ ಈಗ ಕೊರತೆಯಿಲ್ಲ. ಬೆಂಗಳೂರಿನ ಇನ್ಫೋಬೆಲ್ಸ್ ಸಂಸ್ಥೆಯ ಶಿಶುಗೀತೆಗಳನ್ನು ಗಡಿಯ ಮಕ್ಕಳೂ ನೋಡುತ್ತಾರೆ. ಬ್ರಿಜ್ ಕೊಠಾರಿಯವರೇ ಕಟ್ಟಿದ ಬುಕ್‌ಬಾಕ್ಸ್ ಪುಟ್ಟ ಪುಟ್ಟ ಚಲಿಸುವ ಕಥೆಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ಇಟ್ಟಿದೆ, ಓದುವ ದನಿಗೆ ತಕ್ಕಂತೆ ಅಕ್ಷರ ಬಣ್ಣಗೊಳ್ಳುತ್ತದೆ. ಆದರೆ ಆಯ್ಕೆಯಲ್ಲಿ ಕೆಲವು ವಿಚಿತ್ರಗಳಿವೆ. ಕನ್ನಡದ ಮಕ್ಕಳೆಲ್ಲ ಕೇಳಿ ಅತ್ತಿರುವ ಪ್ರಾಣಿಗೀತೆ ಯಾವುದೆಂದರೆ ಗೋವಿನ ಹಾಡು. ಕೊಟ್ಟ ಮಾತಿಗೆ ತಪ್ಪದ ಆ ಹಸುವಿನ ಕಥೆ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವಾದದ್ದು 2020ರಲ್ಲಿ. ಮಾಡಿದವರು ಬೆಂಗಳೂರಿನ ವಿ. ರವಿಶಂಕರ್, ಜನರಿಂದ ಹಣ ಕೂಡಿಸಿ. ಸಂಗೀತ ಇಳಯರಾಜ ಅವರದು. ಚಿತ್ರದ ಹೆಸರು ‘ಪುಣ್ಯಕೋಟಿ’, ಭಾಷೆ ಸಂಸ್ಕೃತ! ಒಂದು ಸಾಹಸವಾಗಿ ಮೆಚ್ಚಬೇಕಾದದ್ದೇ, ಆದರೆ ಕನ್ನಡ ಅಕ್ಷರ ಕಲಿಯಬೇಕಾದ ಮಗುವಿಗೆ ಆ ಹಸು ಒಂದು ಬಾಗಿಲು ದೂರ ಹೋಯಿತು.

ಗಡಿಯ ಮಗುವಿನ ಪರಿಸ್ಥಿತಿ ಬೆಂಗಳೂರಿನ ಮಗುವಿನದಲ್ಲ. ಅದರ ಕಿವಿಗೆ ಕನ್ನಡ ಗೊತ್ತು, ಕಣ್ಣಿಗೆ ದೇವನಾಗರಿ ಗೊತ್ತು. ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ ನಿಜ, ಆದರೆ ಕನ್ನಡ ಮಾಧ್ಯಮದ ಸಾಲಿಗಳು ಹೆಚ್ಚಾಗಿ ಇರುವುದು ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ತದ ಕಡೆಗೆ. ಲಾತೂರ ಜಿಲ್ಲೆಯ ಮಕ್ಕಳಿಗೆ ಬಹುಪಾಲು ಮರಾಠಿ ಮಾಧ್ಯಮವೇ. ಹಾಗೆ ನೋಡಿದರೆ ಚೆಂಡಿನ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಪ್ರೇಕ್ಷಕ ಸಿಗುವುದಿಲ್ಲ. ಓದುವುದು ಎಂದರೇನೆಂದು ಮಗುವಿಗೆ ಆಗಲೇ ಗೊತ್ತು. ಗುಣಿತ, ಒತ್ತಕ್ಷರಗಳ ಲೆಕ್ಕಾಚಾರ ಎರಡೂ ಲಿಪಿಗಳಲ್ಲಿ ಒಂದೇ ಕ್ರಮದ್ದು. ಬದಲಾಗುವುದು ಆಕಾರ ಮಾತ್ರ.

ಕನ್ನಡ ಸಾಲಿನ ಕೆಳಗೆ ಅದೇ ಪದಗಳನ್ನು ದೇವನಾಗರಿಯಲ್ಲೂ ಹಾಕಿಬಿಟ್ಟರೆ ಸುಲಭವಲ್ಲವೇ ಎಂದು ಯಾರಿಗಾದರೂ ಅನ್ನಿಸೀತು. ಸುಲಭ ಹೌದು, ಅಲ್ಲೇ ಅದರ ದೋಷ. ಎರಡು ಸಾಲಿದ್ದರೆ ಕಣ್ಣು ಪರಿಚಿತ ಸಾಲಿಗೇ ಅಂಟಿಕೊಳ್ಳುತ್ತದೆ, ಕನ್ನಡ ಸಾಲು ಅಂಚಿನ ಚಿತ್ತಾರವಾಗಿ ಉಳಿಯುತ್ತದೆ. ಇಂಗ್ಲಿಷ್ ಅಡಿಬರಹದ ಸ್ಪ್ಯಾನಿಷ್ ಚಿತ್ರದಲ್ಲಿ ಕೊಠಾರಿ ಕಂಡ ತೊಂದರೆಯೂ ಇದೇ ಜಾತಿಯದು. ಇಲ್ಲಿ ಫ್ಲೀಷರ್‌ಗಳ ಎರಡು ಸುತ್ತಿನ ಪದ್ಧತಿ ಉಪಯೋಗಕ್ಕೆ ಬರುತ್ತದೆ. ಮೊದಲ ಸುತ್ತಿನಲ್ಲಿ ಎರಡೂ ಲಿಪಿ ಇರಲಿ, ಚೆಂಡು ಮಾತ್ರ ಕನ್ನಡದ ಮೇಲೆ ಪುಟಿಯಲಿ. ಎರಡನೇ ಸುತ್ತಿಗೆ ದೇವನಾಗರಿ ಸಾಲನ್ನು ತೆಗೆದು, ಚೆಂಡಿನ ಬದಲು ಒಂದು ಮಂಗನನ್ನು ಕನ್ನಡ ಅಕ್ಷರಗಳ ನೆತ್ತಿಯ ಮೇಲೆ ಬಿಡಬೇಕು. ತಲೆಕಟ್ಟಿನ ಮೇಲೆ ಕಾಲೂರಿ, ಕೊಂಬು ಹಿಡಿದು ಜೋತಾಡಿ, ಒತ್ತಕ್ಷರದ ಹಿಂದಿನ ಅಕ್ಷರದ ಮೇಲೆ ಎರಡು ಮಾತ್ರೆ ಕಾದು, ಒತ್ತಕ್ಷರ ಬಂದಾಗ ಕೆಳಗಿನ ಒತ್ತನ್ನು ಬಾಲದಿಂದ ತಟ್ಟಿ ಅದು ಮುಂದಕ್ಕೆ ಜಿಗಿಯಲಿ.